ಕಾಮೆಂಟರಿ ಅಜ್ಜಿ

ಇವತ್ತು ಹೇಳಿಬಿಡಲೇಬೇಕು ಎಂದು ಚಂಪಾ ಕಾರಿನಲ್ಲಿ ಕೂತಾಗಲೇ ನಿಶ್ಚಯಿಸಿಕೊಂಡಳು. ನಿಶ್ಚಯಿಸಿಕೊಳ್ಳುವುದು ಅವಳಿಗೇನೂ ಕಷ್ಟದ ಕೆಲಸವಾಗಿರಲಿಲ್ಲ. ವಾರವಿಡೀ ಬೆಳಗಿನ ಕಾಫಿಯ ಹೊತ್ತಿಗೆ ನಿಶ್ಚಯಿಸಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಕೈಬಿಟ್ಟಿದ್ದಳು. ಆದರೆ ಇವತ್ತು ಶನಿವಾರ. ಸೋಮವಾರದಿಂದ ಸೊಸೆ ಪೂರ್ವಿ ಮತ್ತೆ ಆಫೀಸಿಗೆ ಹೋಗುತ್ತಾಳೆ. ಮಗ ಅಭಿಷೇಕ ಮಲೇಷ್ಯಾದ ನಿಲಾಯ್ ಎಂಬ ಊರಿನ ಯೂನಿವರ್ಸಿಟಿಯಲ್ಲಿ ಪಾಠ ಮುಗಿಸಿ ಮನೆ ಸೇರುವುದು ಸಂಜೆಗೆ. ಮೊಮ್ಮಗಳು ಇಂಚರಳನ್ನು ಮಧ್ಯಾಹ್ನ ಸ್ಕೂಲಿನಿಂದ ನಡೆಸಿಕೊಂಡು ಬರುವ ಕೆಲಸ ಅಜ್ಜನದು ಎಂದು ಊಟದ ಮೇಜಿನಲ್ಲಿ ನಗುನಗುತ್ತ ತೀರ್ಮಾನವಾಗಿತ್ತು. 'ಅಪ್ಪಂಗೂ ಒಂದು ವಾಕಿಂಗ್ ಆಗುತ್ತೆ' ಎಂದಿದ್ದ ಅಭಿಷೇಕ. ಸ್ಕೂಲಿಗೂ ಅಪಾರ್ಟ್‌ಮೆಂಟಿಗೂ ನಡುವೆ ಕಂಟೇನರ್ ಲಾರಿಗಳು ಎಗ್ಗಿಲ್ಲದೆ ನುಗ್ಗುವ ರಸ್ತೆಯಿದೆ. ಆ ರಸ್ತೆಯ ಆಚೆ ಬದಿಯಲ್ಲಿ, ಆರು ವರ್ಷದ ಮಗುವಿನ ಕೈ ಹಿಡಿದುಕೊಂಡು, ಇದು ಯಾವ ಊರು, ಈ ಮಗು ಯಾರ ಮನೆಯದು ಎಂದು ಯೋಚಿಸುತ್ತ ನಿಂತ ಗಂಡ ಅವಳಿಗೆ ಕಣ್ಣು ಮುಚ್ಚಿದಾಗಲೆಲ್ಲ ಕಾಣುತ್ತಿದ್ದರು. ಕಣ್ಣು ತೆರೆದರೆ ಅದೇ ಗಂಡ ಎದುರಿಗೆ ಕೂತು ಇಡ್ಲಿ ತಿನ್ನುತ್ತಿರುತ್ತಿದ್ದರು.

ಈಗ ಆ ಗಂಡ, ನಂಜುಂಡಪ್ಪ, ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಮೈಸೂರಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿ ಜೀವಮಾನವೆಲ್ಲ ಸೀಟಿ ಊದಿದ ಮನುಷ್ಯ. ಎಪ್ಪತ್ತು ದಾಟಿದರೂ ಬೆನ್ನು ಬಾಗಿಲ್ಲ, ಹೊಟ್ಟೆ ಬಂದಿಲ್ಲ, ಬೆಳಿಗ್ಗೆ ಎದ್ದು ತಾವೇ ಶೂಗೆ ಪಾಲಿಶ್ ಹಾಕಿಕೊಳ್ಳುತ್ತಾರೆ. ಮೈ ಇಷ್ಟು ಚೆನ್ನಾಗಿರುವುದೇ ದೊಡ್ಡ ಮೋಸ ಎಂದು ಚಂಪಾಳಿಗೆ ಅನಿಸುತ್ತಿತ್ತು. ಕೈ ನಡುಗಿದ್ದರೆ, ಕಾಲು ಎಳೆದಿದ್ದರೆ, ಯಾರಿಗಾದರೂ ತಾನಾಗಿ ತಿಳಿಯುತ್ತಿತ್ತು; ಅವಳು ಬಾಯಿ ಬಿಡುವ ಪ್ರಮೇಯವೇ ಇರುತ್ತಿರಲಿಲ್ಲ. ಕಾರು ಹೈವೇ ಬಿಟ್ಟು ಎಣ್ಣೆತಾಳೆಯ ತೋಟಗಳ ನಡುವೆ ತಿರುಗಿದಾಗ ನಂಜುಂಡಪ್ಪನವರ ಕತ್ತು ಸ್ವಲ್ಪ ಎಡಕ್ಕೆ ವಾಲಿತು. ಪ್ರಶ್ನೆ ಬರುವ ಮುಂಚೆ ಕತ್ತು ಹೀಗೆ ವಾಲುತ್ತದೆ ಎಂದು ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳು ತಡಮಾಡಲಿಲ್ಲ.

"ಏನೂಂದ್ರೆ, ಅಭಿ ನಮ್ಮನ್ನ ಬೆಟ್ಟದ ಮೇಲಿರೋ ಕೆರೆಗೆ ಕರ್ಕೊಂಡು ಹೋಗ್ತಿದಾನಲ್ಲ, ಪೂರ್ವಿ ಪುಳಿಯೋಗರೆ ಕಟ್ಕೊಂಡಿದಾಳೆ, ಮೊಮ್ಮಗಳು ಇಂಚರ ನೋಡಿ ಹೊಸ ಶೂ ಹಾಕ್ಕೊಂಡಿದಾಳೆ. ಈ ಮಲೇಷ್ಯಾದಲ್ಲಿ ಎಷ್ಟು ಹಸಿರು ಅಲ್ವಾ?"

"ಅಜ್ಜಿ ಈಸ್ ಡೂಯಿಂಗ್ ಕಾಮೆಂಟರಿ ಅಗೇನ್," ಎಂದಳು ಇಂಚರ.

ಅಭಿಷೇಕ ಕನ್ನಡಿಯಲ್ಲಿ ಅಮ್ಮನನ್ನು ನೋಡಿ ನಕ್ಕ. ಪೂರ್ವಿ ನಗಲಿಲ್ಲ. ನಂಜುಂಡಪ್ಪನವರ ಕತ್ತು ನೆಟ್ಟಗಾಯಿತು. "ಅಭಿ, ಎಷ್ಟು ದೂರ ಇದೆಯೋ ನಿನ್ನ ಕೆರೆ?" ಎಂದು ಗತ್ತಿನಿಂದ ಕೇಳಿದರು. ಒಂದು ವಾಕ್ಯದಲ್ಲಿ ಊರು, ದಾರಿ, ಮೂವರ ಹೆಸರು, ಯಾರು ಏನಾಗಬೇಕು ಎಲ್ಲವನ್ನೂ ತುರುಕಿ, ಅದು ಹರಟೆಯೆಂಬಂತೆ ಕಾಣಿಸುವ ಈ ವಿದ್ಯೆ ಚಂಪಾಳಿಗೆ ಹುಟ್ಟಿನಿಂದ ಬಂದದ್ದಲ್ಲ. ಅವಳು ಮೊದಲಿನಿಂದ ಮಿತಭಾಷಿ. ಮದುವೆಮನೆಗಳಲ್ಲಿ ಮೂಲೆ ಹಿಡಿದು ಕೂರುತ್ತಿದ್ದವಳು. ಈಗ ಬಾಯಿಗೆ ಬಿಡುವಿಲ್ಲ. ಗಂಡನಿಗೆ ಹೇಳಿಕೊಟ್ಟದ್ದು ಅವರಿಗೂ ಗೊತ್ತಾಗಬಾರದು, ಬೇರೆಯವರಿಗೂ ಗೊತ್ತಾಗಬಾರದು. ಮಾತಾಡಿ ಮಾತಾಡಿ ಸಂಜೆಯ ಹೊತ್ತಿಗೆ ದವಡೆ ನೋಯುತ್ತಿತ್ತು.

ಬೆಟ್ಟದ ಬುಡದಲ್ಲಿ ತಗಡಿನ ಚಪ್ಪರದ ಅಂಗಡಿಯೊಂದಿತ್ತು. ಅಭಿಷೇಕ ಅಲ್ಲಿ ಕಂದು ಕಾಗದದಲ್ಲಿ ಸುತ್ತಿದ ನಾಸಿ ಲೆಮಾಕ್, ತೆಂಗಿನಹಾಲಿನ ಅನ್ನ, ಕಟ್ಟಿಸಿಕೊಂಡ. ಪುಳಿಯೋಗರೆ ಇರುವಾಗ ಇದೇಕೆ ಎಂದು ಪೂರ್ವಿ ಗೊಣಗಿದಳು. "ಇರ್ಲಿ ಲಾ, ತಪಾವ್ ಮಾಡ್ಕೊಂಡ್ರೆ ಮೇಲೆ ಹಸಿವಾದಾಗ ಮಾತಾಡಲ್ಲ ನೀನು," ಎಂದ ಅವನು ಇಲ್ಲಿಯವರ ಧಾಟಿಯಲ್ಲಿ; ಪೊಟ್ಟಣ ಕಟ್ಟಿಸಿಕೊಳ್ಳುವುದಕ್ಕೆ ಇಲ್ಲಿ ತಪಾವ್ ಎನ್ನುತ್ತಾರೆ. ಜಿಗಣೆ ಹತ್ತದಂತೆ ಎಲ್ಲರೂ ಕಾಲುಚೀಲದೊಳಗೆ ಪ್ಯಾಂಟು ತುರುಕಿಕೊಂಡರು. ದಾರಿ ನಿಜಕ್ಕೂ ಸುಲಭವಾಗಿತ್ತು. ಏರು ಬಂದ ಕಡೆ ಮರದ ಮೆಟ್ಟಿಲು, ಕೆಸರಿದ್ದ ಕಡೆ ಹಲಗೆ, ಕವಲೊಡೆದಲ್ಲಿ ಹಳದಿ ಬಾಣದ ಗುರುತು. ಮಕ್ಕಳು ಮರಿ ಕಟ್ಟಿಕೊಂಡು ಬರುವ ಜಾಗ. ಆದರೂ ಕಾಡು ಕಾಡೇ. ಬಿಸಿಲು ನೆಲ ಮುಟ್ಟುತ್ತಿರಲಿಲ್ಲ, ಜೀರುಂಡೆಗಳು ಕಿವಿ ತೂತಾಗುವಂತೆ ಕಿರುಚುತ್ತಿದ್ದವು, ಬೆತ್ತದ ಬಳ್ಳಿಗಳು ಮುಳ್ಳು ಚಾಚಿಕೊಂಡು ದಾರಿಯ ಅಂಚಿಗೇ ಬಂದಿದ್ದವು. ಚಂಪಾಳ ಮೊಣಕಾಲು ಹತ್ತನೆಯ ಮೆಟ್ಟಿಲಿಗೇ ತಕರಾರು ತೆಗೆಯಿತು. ನಂಜುಂಡಪ್ಪ ಮಾತ್ರ ಕೈ ಬೀಸಿಕೊಂಡು ಎಲ್ಲರಿಗಿಂತ ಮುಂದೆ ಹೋಗುತ್ತಿದ್ದರು. ಎದುರಿಗೆ ಇಳಿದು ಬಂದ ಮಲಯ ಹುಡುಗರ ಗುಂಪೊಂದು ದಾರಿ ಬಿಟ್ಟುಕೊಟ್ಟು, "ವಾ, ಅಂಕಲ್ ಸೋ ಸ್ಟ್ರಾಂಗ್ ಲಾ!" ಎಂದಿತು. ಅವರು ಸೆಲ್ಯೂಟ್ ಹೊಡೆದರು. ಹುಡುಗರು ತಿರುಗಿ ಹೊಡೆದರು. ಅಭಿಷೇಕನ ಮುಖ ಅರಳಿತು. ಅಪ್ಪನ ಬಗ್ಗೆ ಆ ಮುಖ ಹೀಗೆ ಅರಳಿದ್ದನ್ನು ಚಂಪಾ ಹೆಚ್ಚು ನೋಡಿರಲಿಲ್ಲ.

ಅಪ್ಪನ ಸ್ಕೂಲಿನಲ್ಲೇ ಓದುತ್ತಿದ್ದ ಅಭಿಷೇಕ ಒಂದು ದಿನ ಕ್ಯಾನ್ವಾಸ್ ಶೂ ಮರೆತು ಹೋಗಿದ್ದ. ಮೇಷ್ಟ್ರ ಮಗನಿಗೆ ರಿಯಾಯಿತಿಯಿಲ್ಲ ಎಂದು ತೋರಿಸಲು ನಂಜುಂಡಪ್ಪ ಅವನನ್ನು ಏಪ್ರಿಲ್ ಬಿಸಿಲಿನಲ್ಲಿ ಬರಿಗಾಲಲ್ಲಿ ಮೈದಾನ ಸುತ್ತಿಸಿದ್ದರು. 'ಮರೆವು ಅನ್ನೋದು ರೋಗ ಅಲ್ಲ, ಸೋಮಾರಿತನ' ಎಂದು ಇಡೀ ತರಗತಿಗೆ ಕೇಳುವಂತೆ ಹೇಳಿದ್ದರಂತೆ. ಸಂಜೆ ಹುಡುಗನ ಅಂಗಾಲಿನ ಬೊಬ್ಬೆಗಳಿಗೆ ಬೆಣ್ಣೆ ಹಚ್ಚಿದವಳು ಚಂಪಾ. ಗಂಡನಿಗೆ ಒಂದು ಮಾತು ಆಡಲಿಲ್ಲ. ಅಭಿಷೇಕ ಈಗ ಅದನ್ನು ಗೆಳೆಯರೆದುರು ತಮಾಷೆಯ ಕತೆಯಾಗಿ ಹೇಳುತ್ತಾನೆ, ಎಲ್ಲರೂ ನಗುತ್ತಾರೆ, ಅಪ್ಪನೂ ನಗುತ್ತಾರೆ. ಅಪ್ಪ ನಗುವುದು ಕತೆ ಯಾರದೆಂದು ತಿಳಿಯದೆ ಎಂಬುದು ಚಂಪಾಳಿಗೆ ಮಾತ್ರ ಗೊತ್ತಿತ್ತು. ಇಲ್ಲಿಗೆ ಬರುವ ಮುಂಚೆ, ಮೈಸೂರಿನ ಮನೆಯಲ್ಲಿ ಒಂದು ಬೆಳಿಗ್ಗೆ ಅವರು ಶೂ ಲೇಸು ಹಿಡಿದುಕೊಂಡು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. ಕಟ್ಟುವುದು ಹೇಗೆಂದು ಹೊಳೆಯುತ್ತಿಲ್ಲ. ಅವಳು ಪಕ್ಕದಲ್ಲಿ ಕೂತು ಕಟ್ಟಿಕೊಟ್ಟಳು. ತಮಗೇನಾಗುತ್ತಿದೆ ಎಂಬುದು ಆಗ ಅವರಿಗೆ ಸ್ಪಷ್ಟವಾಗಿತ್ತು, ಅದೇ ಘೋರ. "ಅಭಿಗೆ ಗೊತ್ತಾಗೋದು ಬೇಡ ಕಣೆ," ಎಂದರು. ಬೇಡಿಕೊಂಡರು ಎಂದೇ ಹೇಳಬೇಕು. ಜೀವಮಾನದಲ್ಲಿ ಅವಳಲ್ಲಿ ಏನನ್ನೂ ಬೇಡದ ಗಂಡಸು ಅದೊಂದನ್ನು ಬೇಡಿದ. ಅವಳು ಆಯಿತು ಅಂದಳು. ಆಗ ಮಲೇಷ್ಯಾ ಇರಲಿಲ್ಲ, ಲಾರಿಗಳ ರಸ್ತೆ ಇರಲಿಲ್ಲ, ಸೋಮವಾರ ಇರಲಿಲ್ಲ.

"ಅಮ್ಮ, ಕೂತ್ಕೊಳ್ತೀರಾ?" ಪೂರ್ವಿ ಮೊಣಕೈ ಹಿಡಿದಳು. ಮರಗಳ ಮಧ್ಯೆ ಥಟ್ಟನೆ ಕೆರೆ ಬಂದಿತ್ತು. ಅಷ್ಟೇನೂ ದೊಡ್ಡದಲ್ಲ, ಕಡು ಹಸಿರು ನೀರು, ಒಂದು ಎಲೆಯೂ ಅಲುಗಾಡದೆ ಬಿದ್ದುಕೊಂಡಿತ್ತು. ದಡದಲ್ಲಿ ಮರದ ಕಟ್ಟೆ. ಅಲ್ಲಿ ಡಬ್ಬಿ ಬಿಚ್ಚಿದರು. ಮಂಗವೊಂದು ಬಂದು ಕಂದು ಕಾಗದದ ಪೊಟ್ಟಣವನ್ನೇ ಎತ್ತಿಕೊಂಡು ಮರ ಹತ್ತಿತು. ಅಭಿಷೇಕನ ತಪಾವ್ ಹೋಯಿತೆಂದು ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗುವಿನಲ್ಲಿ ಚಂಪಾ ಒಂದು ಗಳಿಗೆ ಮೈಮರೆತಳು. ಅಷ್ಟು ಸಾಕಾಯಿತು. ನಂಜುಂಡಪ್ಪ ನೀರಿನ ಬಾಟಲಿಯನ್ನು ಪೂರ್ವಿಯತ್ತ ಚಾಚಿ ಬಹಳ ಮರ್ಯಾದೆಯಿಂದ, "ತಗೊಳ್ಳಿ ಅಮ್ಮ. ತಮ್ಮದು ಯಾವೂರಾಯ್ತು?" ಎಂದರು.

ಚಂಪಾ ಅನ್ನ ನುಂಗಲಿಲ್ಲ, ಹಾಗೇ ಮಾತು ಶುರುಮಾಡಿದಳು. "ನೋಡ್ರಪ್ಪಾ, ಇವರ ತಮಾಷೆ ನೋಡಿ! ಸೊಸೆ ಹತ್ರ ಊರು ಕೇಳೋದಾ? ಪೂರ್ವಿ, ಹೇಳಮ್ಮ, ಚನ್ನರಾಯಪಟ್ಟಣ ಅಂತ ಹೇಳು, ಮದುವೇಲಿ ನಿಮ್ಮಾವ ಬೀಗರ ಊಟದಲ್ಲಿ ಹೋಳಿಗೆ ಪಂದ್ಯ ಕಟ್ಟಿರ್ಲಿಲ್ವಾ, ಅದನ್ನ ನೆನೆಸ್ಕೊಂಡು ರೇಗಿಸ್ತಿದಾರೆ. ಅಭಿ, ನೀನೇ ಹೇಳೋ, ಪೂರ್ವಿ ಪುಳಿಯೋಗರೆ ಚೆನ್ನಾಗಾಗಿದೆ, ಇಂಚರ, ನಿಂಗೆ ಬಡಿಸ್ಲಾ, ಪೂರ್ವಿ, ಇಂಚರಂಗೆ..."

"ಅಮ್ಮ. ಅಮ್ಮ, ನಿಧಾನ. ನೀವು ಊಟ ಮಾಡಿ ಮೊದ್ಲು," ಎಂದಳು ಪೂರ್ವಿ. ಅವಳು ಮಾವನನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದಳು. ಆಮೇಲೆ ಗಂಡನನ್ನು. ಗಂಡ ಹೆಂಡತಿಯ ನಡುವೆ ಆ ನೋಟದಲ್ಲಿ ಏನೋ ದಾಟಿಹೋಯಿತು. ಗೊತ್ತಾಯಿತು ಇವರಿಗೆ ಎಂದುಕೊಂಡಳು ಚಂಪಾ. ನಾಚಿಕೆಯ ಹಿಂದೆಯೇ, ಅವಳು ನಿರೀಕ್ಷಿಸದಂತೆ, ಮನಸ್ಸು ಹಗುರಾಯಿತು. ಗೊತ್ತಾಗಿದ್ದರೆ ಒಳ್ಳೆಯದೇ ಆಯಿತಲ್ಲ. ತಾನು ಕೊಟ್ಟ ಮಾತು ಮುರಿಯಲಿಲ್ಲ, ವಿಷಯವೂ ಮುಟ್ಟಿತು. ಅವಳು ಉಳಿದ ಪುಳಿಯೋಗರೆಯನ್ನು ರುಚಿಯಿಂದಲೇ ತಿಂದಳು.

ಕೆರೆಯಿಂದ ವ್ಯೂಪಾಯಿಂಟಿಗೆ ಇನ್ನೊಂದು ಸಣ್ಣ ಏರು. ಮೇಲೆ ಕಟಾಂಜನ ಹಾಕಿದ ಹಲಗೆಯ ಅಟ್ಟ, ಒಂದು ಬೆಂಚು. ಕೆಳಗೆ ಎಣ್ಣೆತಾಳೆಯ ಸಾಲುಗಳು ಬಾಚಿ ಹೆರಳು ಹಾಕಿದಂತೆ ಬಿದ್ದಿದ್ದವು, ಅದರಾಚೆ ಹೈವೇ, ಇನ್ನೂ ಆಚೆ ಏರ್‌ಪೋರ್ಟಿಗೆ ಇಳಿಯುತ್ತಿದ್ದ ವಿಮಾನ. ಎಲ್ಲರೂ ಫೋಟೋ ತೆಗೆಸಿಕೊಂಡರು. ನಾಲ್ಕು ನಿಮಿಷಕ್ಕೆ ಇಂಚರಳಿಗೆ ಬೇಸರವಾಯಿತು. ಕೆರೆಯಲ್ಲಿ ಆಮೆ ಇದೆಯಂತೆ, ಅವಳು ನೋಡಿಲ್ಲವಂತೆ. "ಅಜ್ಜ, ಕಮ್! ಟರ್ಟಲ್ ನೋಡೋಣ!" ಎಂದು ಅಜ್ಜನ ಬೆರಳು ಹಿಡಿದು ಎಳೆದಳು.

"ಹೋಗ್ಬನ್ನಿ ಅಪ್ಪ, ನೇರ ದಾರಿ, ತಪ್ಪೋಕೆ ಜಾಗನೇ ಇಲ್ಲ," ಎಂದ ಅಭಿಷೇಕ.

ಚಂಪಾ ಬಾಯಿ ತೆರೆದಳು. ಬೇಡ ಎನ್ನಬಹುದಿತ್ತು. ನಾನೂ ಬರುತ್ತೇನೆ ಎನ್ನಬಹುದಿತ್ತು, ಮೊಣಕಾಲು ಸಾಯಲಿ. ಅನ್ನಲಿಲ್ಲ. ಆಮೇಲೆ ಅದನ್ನು ಯೋಚಿಸುವಾಗ ಅವಳು ತನಗೆ ತಾನು ಸುಳ್ಳು ಹೇಳಿಕೊಳ್ಳಲು ಆಗಲಿಲ್ಲ: ಅವರಿಬ್ಬರೂ ಹೋಗಲಿ ಎಂದೇ ಅವಳಿಗೆ ಬೇಕಾಗಿತ್ತು. ಮಗ ಸೊಸೆಯ ಜೊತೆ ಅವಳೊಬ್ಬಳೇ ಇರುವ ಐದು ನಿಮಿಷಕ್ಕಾಗಿ ವಾರವೆಲ್ಲ ಕಾದಿದ್ದಳು. ಆ ಐದು ನಿಮಿಷಕ್ಕೆ ಮಗುವನ್ನು ಒತ್ತೆಯಿಟ್ಟಳು. ಆರು ವರ್ಷದ ಹೊಸ ಶೂ, ಎಪ್ಪತ್ತು ದಾಟಿದ ಪಾಲಿಶ್ ಶೂ ಮೆಟ್ಟಿಲಿಳಿದು ಜರೀಗಿಡಗಳ ಹಿಂದೆ ಹೋದವು.

"ಅಭಿ," ಎಂದಳು.

"ಅಮ್ಮ, ನಾನೂ ನಿನ್ ಹತ್ರ ಮಾತಾಡ್ಬೇಕು ಅಂತಿದ್ದೆ." ಅಭಿಷೇಕ ಬೆಂಚಿನ ಮೇಲೆ ಅವಳ ಪಕ್ಕ ಕೂತ. ಪೂರ್ವಿ ಈಚೆ ಬದಿಗೆ ಬಂದು ಕೂತು ಅವಳ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು. ಸೊಸೆಯ ಕೈ ಬೆಚ್ಚಗಿತ್ತು. ದೇವರೇ, ಇವರೇ ಹೇಳುತ್ತಾರೆ, ನನ್ನ ಬಾಯಿಂದ ಬರಬೇಕಾಗಿಲ್ಲ ಎಂದು ಚಂಪಾಳ ಕಣ್ಣು ತುಂಬಿಕೊಂಡವು. ಅವಳು ತಲೆಯಾಡಿಸಿದಳು, ಹೇಳಪ್ಪ, ಹೇಳು.

"ತಪ್ಪು ತಿಳ್ಕೋಬಾರ್ದು," ಎಂದ ಅವನು. "ನಾವು ಒಂದೆರಡು ವಾರದಿಂದ ಗಮನಿಸ್ತಿದೀವಿ. ನೀನು ಹೇಳಿದ್ದೇ ಹೇಳ್ತೀಯ. ಕೂತ್ರೆ ನಿಂತ್ರೆ ಎಲ್ರ ಹೆಸ್ರೂ ಹೇಳ್ತಿರ್ತೀಯ. ಅಪ್ಪ ಬಾಯಿ ತೆಗೆಯೋಕೂ ಬಿಡಲ್ಲ. ಮೊದ್ಲು ಹೀಗಿರ್ಲಿಲ್ಲ ನೀನು. ಮಾತೇ ಆಡ್ತಿರ್ಲಿಲ್ಲ."

ಪೂರ್ವಿ ಕೈ ಸವರುತ್ತಿದ್ದಳು. "ನಮ್ಮ ಅಜ್ಜೀಗೂ ಹೀಗೇ ಶುರುವಾಗಿತ್ತಮ್ಮ. ತಾನು ಮರೀಬಾರ್ದು ಅಂತ ಹೆಸ್ರುಗಳನ್ನ ಹೇಳ್ಕೊಳ್ತಾನೇ ಇರೋರು. ಭಯ ಪಡ್ಬೇಡಿ. ಈಗ ಮೊದಲೇ ತೋರಿಸ್ಕೊಂಡ್ರೆ ಮಾತ್ರೆ ಎಲ್ಲ ಇದೆ. ಮೆಡಿಕಲ್ ಕಾಲೇಜಲ್ಲಿ ಉಡುಪಿ ಕಡೆ ಡಾಕ್ಟ್ರು ಇದಾರಲ್ಲ, ಜಯಕರ ಅಂತ, ಅವ್ರ ಹತ್ರ ಮಾತಾಡಿದೀನಿ. ಕನ್ನಡದಲ್ಲೇ ಕೇಳ್ತಾರೆ, ಏನೂ ತೊಂದ್ರೆ ಇಲ್ಲ."

ಚಂಪಾಳಿಗೆ ಮಾತುಗಳು ಕೇಳಿಸುತ್ತಿದ್ದವು, ಅವು ಯಾರ ಬಗ್ಗೆ ಎಂಬುದು ನಿಧಾನವಾಗಿ ಬಂತು. ನಗು ಬಂತು. ನಿಜವಾಗಿಯೂ ಸಣ್ಣಗೆ ನಕ್ಕಳು. ಆ ನಗುವಿಗೆ ಮಗ ಸೊಸೆ ಮತ್ತೆ ಒಬ್ಬರನ್ನೊಬ್ಬರು ನೋಡಿಕೊಂಡದ್ದು ಕಂಡು ನಿಲ್ಲಿಸಿದಳು. ಎಷ್ಟು ಚೆನ್ನಾಗಿ ಮಾಡಿದ್ದೆ ನನ್ನ ಕೆಲಸವನ್ನು, ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾವ ಕೆಲಸ ಮಾಡಿದ್ದೆ ನಾನು ಎಂದುಕೊಂಡಳು.

"ನಂಗಲ್ಲ ಕಣೋ," ಎಂದಳು. "ನಿಮ್ಮಪ್ಪಂಗೆ."

"ಏನು ಅಪ್ಪಂಗೆ?"

"ಮರೆವು. ನಿಮ್ಮಪ್ಪಂಗೇ ಮರೆವು ಅಭಿ. ನಿನ್ನ ಹೆಸ್ರು ಗೊತ್ತಿಲ್ಲ ಅವರಿಗೆ. ಕೆಲವು ಸಲ ಗೊತ್ತಿರುತ್ತೆ, ಕೆಲವು ಸಲ ಇರಲ್ಲ. ಅದಕ್ಕೇ ನಾನು ಹೇಳ್ತಿರೋದು. ನಂಗೆ ನೆನಪಿಲ್ಲ ಅಂತ ಅಲ್ಲ, ಅವರಿಗೆ ನೆನಪಿಸೋಕೆ. ಸೋಮವಾರ ಮಗೂನ ಅವರ ಕೈಗೆ ಕೊಡ್ಬೇಡ." ಒಂದೇ ಉಸಿರಿಗೆ ಬಂತು. ಬಂದ ಮೇಲೆ ಅದು ಎಷ್ಟು ಹುಚ್ಚು ಮಾತಾಗಿ ಕೇಳಿಸಿತೆಂದು ಅವಳಿಗೇ ತಿಳಿಯಿತು. ಅಭಿಷೇಕ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಅವಳು ವಾದ ಮಾಡುತ್ತಿದ್ದಳು. ಅವನು ಬಹಳ ಮೃದುವಾಗಿ, ಇಂಚರ ಕೆಟ್ಟ ಕನಸು ಕಂಡು ಎದ್ದಾಗ ಮಾತಾಡುವ ದನಿಯಲ್ಲಿ ಮಾತಾಡಿದ.

"ಆಯ್ತಮ್ಮ. ಅಪ್ಪನ್ನೂ ತೋರಿಸೋಣ, ಆಯ್ತಾ? ಇಬ್ರನ್ನೂ ತೋರಿಸೋಣ."

"ಸೋಮವಾರ..."

"ಸೋಮವಾರದ ಯೋಚನೆ ನಿಂಗೆ ಬೇಡ. ಅದಕ್ಕೇ ತಾನೆ ಅಪ್ಪನ್ನ ಹೋಗಿ ಅಂದಿದ್ದು. ಆ ಟ್ರಾಫಿಕ್‌ನಲ್ಲಿ ನಿನ್ನ ಕಳಿಸೋಕೆ ನಂಗೆ ಧೈರ್ಯ ಇಲ್ಲ."

ಚಂಪಾ ಎದ್ದು ನಿಂತಳು. ಕೆಳಗೆ ಹೋಗಿ ಎಷ್ಟು ಹೊತ್ತಾಯಿತು ಅವರಿಬ್ಬರು? ಜೀರುಂಡೆಗಳ ಸದ್ದಿನಲ್ಲಿ ಬೇರೇನೂ ಕೇಳುತ್ತಿರಲಿಲ್ಲ. ಕೆರೆಯ ನೀರು ಎಲೆಯೂ ಅಲುಗದೆ ಬಿದ್ದುಕೊಂಡದ್ದು ಕಣ್ಣೆದುರು ಬಂತು. ಅವರು ಮಗುವಿನ ಕೈಯನ್ನು ಎಲ್ಲೋ ಬಿಟ್ಟು, ಬಿಟ್ಟದ್ದನ್ನೂ ಮರೆತು, ಕೈ ಬೀಸಿಕೊಂಡು ಕಾಡಿನೊಳಗೆ ನಡೆದುಹೋಗುತ್ತಿರಬಹುದು. ಆ ಕಾಲುಗಳಿಗೆ ಸುಸ್ತಿಲ್ಲ, ಸಂಜೆಯವರೆಗೆ ನಡೆದಾವು. "ನಡೀರಿ, ಹೋಗಿ ನೋಡಿ, ಮಗು," ಎಂದಳು. ಕೂಗುತ್ತಿದ್ದೇನೆ ಎಂದು ತಡವಾಗಿ ತಿಳಿಯಿತು. ಪೂರ್ವಿ ಎರಡೂ ತೋಳು ಹಿಡಿದುಕೊಂಡಳು. "ಅಮ್ಮ, ಕೂತ್ಕೊಳ್ಳಿ, ಬೀಳ್ತೀರ. ಮಾವ ಜೊತೇಲಿದಾರಲ್ಲ," ಎಂದಳು. ಅಭಿಷೇಕ ಬಾಟಲಿಯ ಮುಚ್ಚಳ ತಿರುಗಿಸಿ ಅವಳ ತುಟಿಗೇ ಹಿಡಿದ. ನೀರು ಗಲ್ಲದಿಂದ ಕುತ್ತಿಗೆಗೆ ಇಳಿಯಿತು. ಸೊಸೆಯ ಹಿಡಿತ ಪ್ರೀತಿಯದು, ಬಿಡಿಸಿಕೊಳ್ಳಲು ಆಗುವಂಥದಲ್ಲ. ಕೊಸರಾಡಿದಷ್ಟೂ ಅವರ ಮಾತೇ ನಿಜವಾಗುತ್ತಿತ್ತು. ಬೆಂಚಿನ ಮೇಲೆ ಕುಸಿದು ಕೂತಳು. ಮಾತಾಡಿದರೂ ತಪ್ಪು, ಸುಮ್ಮನಿದ್ದರೂ ತಪ್ಪು, ಇಂಥ ಇಕ್ಕಟ್ಟಿನಲ್ಲಿ ಯಾವ ದೇವರಿಗೆ ಹರಕೆ ಹೊರಬೇಕೆಂದೂ ಅವಳಿಗೆ ತೋಚಲಿಲ್ಲ. ಇಳಿದು ಹೋದವರು ಬಹಳ ಹೊತ್ತಾದರೂ ಬರಲಿಲ್ಲ. ಅಭಿಷೇಕ ಕೊನೆಗೆ ಗಡಿಯಾರ ನೋಡಿಕೊಂಡ, "ನಾನೇ ಹೋಗಿ ಕರ್ಕೊಂಡ್ಬರ್ತೀನಿ, ಸಮಾಧಾನನಾ?" ಎಂದು ಎದ್ದ. ಪೂರ್ವಿ ಅವನೊಡನೆ ಅಟ್ಟದ ಆ ತುದಿಗೆ ಹೋಗಿ ಏನೋ ಪಿಸುಗುಟ್ಟತೊಡಗಿದಳು.

ಆಗ ಮೆಟ್ಟಿಲ ಕಡೆಯಿಂದ, ಜರೀಗಿಡಗಳ ಹಿಂದಿನಿಂದ, ಸಣ್ಣ ದನಿ ಕೇಳಿತು. ಬೆಂಚು ಆ ಬದಿಗೇ ಇತ್ತು, ಚಂಪಾಳಿಗಲ್ಲದೆ ಇನ್ನಾರಿಗೂ ಅದು ಕೇಳಿಸುವಂತಿರಲಿಲ್ಲ.

"ಬ್ಲೂ ಶರ್ಟ್ ಈಸ್ ಪಪ್ಪಾ. ಅಭಿ. ಸೇ ಅಭಿ. ಮಮ್ಮಾ ಈಸ್ ಪೂರ್ವಿ. ಅಜ್ಜಿ ಈಸ್ ಅಜ್ಜಿ. ನೋ ನೀಡ್ ಟು ಸೇ ಹರ್ ನೇಮ್. ಓಕೆ, ಅಜ್ಜ?"

"ಓಕೆ," ಎಂದಿತು ಗಂಡಸಿನ ದನಿ, ವಿಧೇಯವಾಗಿ.

ಮೊದಲು ಇಂಚರ ಕಾಣಿಸಿದಳು. ಹೊಸ ಶೂ ಎರಡೂ ಕೆಸರಿನಲ್ಲಿ ಮುಳುಗೆದ್ದಿದ್ದವು. ತೋಳಿನ ಮೇಲೆ ಬೆತ್ತದ ಮುಳ್ಳು ಗೀರಿದ ಉದ್ದನೆಯ ಕೆಂಪು ಗೆರೆ, ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದಳು. ಅತ್ತು ಒರೆಸಿಕೊಂಡ ಮುಖ. ಅವಳ ಬೆರಳು ಹಿಡಿದುಕೊಂಡು ನಂಜುಂಡಪ್ಪ ಬಂದರು, ಬೆನ್ನು ನೆಟ್ಟಗೆ, ಕಾಲರಿನಲ್ಲಿ ಒಂದು ಒಣಗಿದ ಎಲೆ. ಹಲಗೆಯ ದಾರಿಯಲ್ಲಿ ಹೋದವರಿಗೆ ಕೆಸರು ಹೀಗೆ ಮೆತ್ತುವುದಿಲ್ಲ.

"ಅಭಿ!" ಎಂದು ನಂಜುಂಡಪ್ಪ ಗಟ್ಟಿಯಾಗಿ ಕೂಗಿದರು. "ಏನಮ್ಮ ಪೂರ್ವಿ, ಹೊರಡೋಣವಾ?"

ಅಭಿಷೇಕ ಅಮ್ಮನ ಕಡೆ ತಿರುಗಿದ. ಗೆದ್ದವನ ಮುಖವಲ್ಲ ಅದು, ಸಂಕಟಪಟ್ಟವನ ಮುಖ. ನೋಡಿದೆಯಾ ಅಮ್ಮ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ಚಂಪಾ ಅವನನ್ನು ದಾಟಿ, ಮೊಣಕಾಲಿನ ನೋವು ಲೆಕ್ಕಿಸದೆ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಇನ್ನು ಇದೊಂದೇ ಬಾಯಿ ಉಳಿದಿತ್ತು. ಅಜ್ಜನ ಮೇಲೆ ಮೊಮ್ಮಗಳಿಂದ ಸಾಕ್ಷಿ ಹೇಳಿಸುವುದು ಎಂಥ ನೀಚ ಕೆಲಸ ಎಂದು ಗೊತ್ತಿದ್ದೂ ಕೇಳಿದಳು.

"ಪುಟ್ಟಾ, ನಿಜ ಹೇಳು. ಅಜ್ಜ ದಾರಿ ತಪ್ಪಿಸಿಕೊಂಡ್ರು ಅಲ್ವಾ? ನೀನು ಅಳ್ತಿದ್ದೆ ಅಲ್ವಾ? ಹೆಸ್ರೆಲ್ಲ ನೀನೇ ಹೇಳ್ಕೊಟ್ಟೆ. ನಾನು ಕೇಳಿಸ್ಕೊಂಡೆ. ಪಪ್ಪಂಗೆ ಹೇಳು. ಯಾರೂ ಬೈಯಲ್ಲ."

ಇಂಚರ ಅಜ್ಜಿಯನ್ನು ನೋಡಿದಳು. ತಲೆಯೆತ್ತಿ ಅಜ್ಜನನ್ನು ನೋಡಿದಳು. ಅಜ್ಜನ ಕತ್ತು ಸ್ವಲ್ಪ ಎಡಕ್ಕೆ ವಾಲಿತ್ತು. ಮಗು ಅವರ ಬೆರಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು. ಆಮೇಲೆ ಇನ್ನೊಂದು ಕೈಯಿಂದ ಚಂಪಾಳ ಕೆನ್ನೆ ಸವರಿ, ದೊಡ್ಡವರಿಂದ ಕೇಳಿ ಕಲಿತಿದ್ದ ತಾಳ್ಮೆಯ ದನಿಯಲ್ಲಿ ಹೇಳಿತು.

"ನೋ, ಅಜ್ಜಿ. ವೀ ಸಾ ದ ಟರ್ಟಲ್. ಅಜ್ಜ ನೋಸ್ ಎವ್ರಿಥಿಂಗ್. ಯು ಫರ್ಗಾಟ್, ಅಜ್ಜಿ. ಇಟ್ಸ್ ಓಕೆ."

ಪೂರ್ವಿ ತೋಳಿನಿಂದ ಕಣ್ಣೊರೆಸಿಕೊಂಡಳು. ಅಭಿಷೇಕ ಬಗ್ಗಿ ಅಮ್ಮನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ. ನಂಜುಂಡಪ್ಪ ಹತ್ತಿರ ಬಂದು, ಕುಸಿದ ಈ ಹೆಂಗಸನ್ನು ಕಾಳಜಿಯಿಂದ ನೋಡಿ, "ಪಾಪ, ಏನಾಗಿದೆ ಇವರಿಗೆ?" ಎಂದು ಮಗನನ್ನು ಕೇಳಿದರು.

"ಸ್ವಲ್ಪ ಸುಸ್ತಾಗಿದೆ ಅಪ್ಪ," ಎಂದ ಅಭಿಷೇಕ. "ನಾವು ನೋಡ್ಕೋತೀವಿ. ನೀವು ಇಂಚರನ್ನ ಕರ್ಕೊಂಡು ಮುಂದೆ ನಡೀರಿ."